ಅತ್ತೆಯ ಎದೆಯ ಕರಿ ಮಚ್ಚೆ

ಅತ್ತೆಗೆ ಕ್ಯಾನ್ಸರ್ ಇದೆ ಎಂದು ಗೊತ್ತಾದ ದಿನ ನಾವು ಭರಮಸಾಗರದಲ್ಲಿ ಬಸ್ಸಿಳಿದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಸಂಭ್ರಮಪಟ್ಟೆವು ಎಂದರೆ ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ಕೆಲವರು ನನ್ನ ಮುಖವನ್ನೇ ನೋಡುತ್ತಾರೆ, ಇವಳಿಗೆ ಏನಾದರೂ ಆಗಿದೆಯೋ ಎನ್ನುವಂತೆ. ಹಾಗಾಗಿ ಇದನ್ನು ಮೊದಲಿನಿಂದ ಹೇಳುವುದೇ ಒಳ್ಳೆಯದು.

ನಾನು ಚಿತ್ರದುರ್ಗದ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಶಿಯನ್. ರಕ್ತ ತೆಗೆಯುವವಳಲ್ಲ. ಆಪರೇಷನ್ನಿನಲ್ಲಿ ತೆಗೆದ ಗಂಟು, ಚರ್ಮದ ಚೂರು, ಗರ್ಭಕೋಶ ಇಂಥವು ಕೊಳೆಯದಂತೆ ಫಾರ್ಮಲಿನ್ ದ್ರಾವಣ ತುಂಬಿದ ಡಬ್ಬಿಗಳಲ್ಲಿ ನಮ್ಮಲ್ಲಿಗೆ ಬರುತ್ತವೆ. ಅವನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಸ್ಲೈಡು ಮಾಡಿಕೊಡುವುದು ನನ್ನ ಕೆಲಸ. ಆ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಇದು ಇಂಥ ಕಾಯಿಲೆ ಎಂದು ಬರೆಯುವುದು ನಮ್ಮ ಡಾಕ್ಟರ ಕೆಲಸ. ಅವರು ಐವತ್ತು ದಾಟಿದ ಹೆಂಗಸು; ನಾವೆಲ್ಲ ಮೇಡಂ ಎನ್ನುತ್ತೇವೆ. ಹದಿಮೂರು ವರ್ಷದಿಂದ ನಾನು ಕೊಯ್ಯುತ್ತಿದ್ದೇನೆ, ಅವರು ನೋಡುತ್ತಿದ್ದಾರೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ನಮ್ಮದು ಹೊಸದುರ್ಗದ ಕಡೆಯ ಸಣ್ಣ ಹಳ್ಳಿ. ಅಲ್ಲಿ ಹೈಸ್ಕೂಲು ಇರಲಿಲ್ಲ. ಎಂಟನೆಯ ತರಗತಿಯಿಂದ ಮೂರು ವರ್ಷ ನಾನು ಹೊರಕೆರೆದೇವಪುರದ ಹತ್ತಿರ ಅತ್ತೆಯ ಹಟ್ಟಿಯಲ್ಲಿದ್ದು ಓದಿದೆ. ಅತ್ತೆಗೂ ಮಾವನಿಗೂ ಮಕ್ಕಳಿರಲಿಲ್ಲ. ಇದ್ದದ್ದು ಒಂದು ಎಂಬತ್ತು ಕುರಿ, ಎರಡು ನಾಯಿ. ಬೈಯಲು ಮನುಷ್ಯರ ಪೈಕಿ ಸಿಕ್ಕಿದವಳು ನಾನೊಬ್ಬಳೇ, ಆದ್ದರಿಂದ ಮೂರು ವರ್ಷ ಅತ್ತೆ ನನ್ನನ್ನು ಮನಸ್ಸು ತುಂಬ ಬೈದಳು. ಮಾವ ಮಾತು ಕಮ್ಮಿಯ ಮನುಷ್ಯ. ಇಬ್ಬರಿಗೂ ಸೇರಿ ಎಷ್ಟು ಮಾತು ಬೇಕೋ ಅಷ್ಟನ್ನೂ ಅತ್ತೆಯೇ ಆಡಿಬಿಡುತ್ತಿದ್ದಳು.

ಹೋದ ವರ್ಷ ಒಂದು ಸೋಮವಾರ ಬೆಳಿಗ್ಗೆ ಅತ್ತೆ ಹೇಳದೆ ಕೇಳದೆ ಲ್ಯಾಬಿಗೆ ಬಂದಳು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ಗಟ್ಟಿ ಮೊಸರು. ಮುಂದಿನ ಕೋಣೆಯಲ್ಲಿ ಕುಳಿತಿದ್ದ ಹುಡುಗಿ ಅದನ್ನೂ ಪರೀಕ್ಷೆಗೆ ತಂದ ಡಬ್ಬಿಯೆಂದೇ ತಿಳಿದು, ಮೇಲೆ ನಂಬರ್ ಅಂಟಿಸಿ ಒಳಗೆ ಕಳಿಸಿಬಿಟ್ಟಳು. ನನ್ನ ಮೇಜಿನ ಮೇಲೆ ಹದಿನೇಳು ಎಂಬ ಚೀಟಿ ಹೊತ್ತು ಮೊಸರು ಬಂದು ಕೂತಾಗ ನಾನು ಕೈಗವಸು ಹಾಕಿಕೊಂಡೇ ಮುಚ್ಚಳ ತೆಗೆದೆ. ವಾಸನೆಯಿಂದಲೇ ಗೊತ್ತಾಯಿತು, ಅತ್ತೆ ಬಂದಿದ್ದಾಳೆ ಎಂದು.

ಹೊರಗೆ ಹೋಗಿ ನೋಡಿದರೆ ಅವಳು ನಗುತ್ತಿರಲಿಲ್ಲ. ನನ್ನ ರಟ್ಟೆ ಹಿಡಿದು ರಕ್ತ ತೆಗೆಯುವ ಕೋಣೆಗೆ ಎಳೆದುಕೊಂಡು ಹೋದಳು, ಪರದೆ ಎಳೆದಳು, ರವಿಕೆಯ ಗುಂಡಿ ಬಿಚ್ಚಿದಳು.

"ಲೇ, ನೀನು ಇಂಥವೆಲ್ಲ ಕೊಯ್ಯೋಳು ಅಲ್ವೇನೆ. ಇದು ಏನು ಅಂತ ನೋಡು."

ಎಡಗಡೆಯ ಮೊಲೆತೊಟ್ಟಿನ ಮೇಲೆ, ಅದರ ಸುತ್ತ ಅರ್ಧಭಾಗದಷ್ಟು, ಕಪ್ಪಗೆ ಒಂದು ಮಚ್ಚೆ. ಒಂದೇ ಕಪ್ಪಲ್ಲ. ಒಂದು ಕಡೆ ಇದ್ದಿಲಿನಂತೆ, ಇನ್ನೊಂದು ಕಡೆ ಬೆಲ್ಲದ ಬಣ್ಣ, ಅಂಚು ಅಂಕುಡೊಂಕು. ಒಂದು ಮೂಲೆಯಲ್ಲಿ ಹಕ್ಕಳೆ ಕಟ್ಟಿತ್ತು. ಯಾವಾಗಿನಿಂದ ಎಂದು ಕೇಳಿದರೆ ಎರಡು ವರ್ಷ ಎಂದಳು. ಮೊದಲು ನವೆ ಇತ್ತಂತೆ. ಆಮೇಲೆ ಕಪ್ಪಾದಾಗ ಕುರಿಗಳ ಬೆನ್ನಿಗೆ ಗುರುತು ಹಾಕುವ ಬಣ್ಣ ಸಿಡಿದು ಹತ್ತಿಕೊಂಡಿದೆ ಎಂದುಕೊಂಡಳಂತೆ. ಸೀಗೆಪುಡಿಯಲ್ಲಿ ಉಜ್ಜಿದ್ದಳು, ಹೋಗಲಿಲ್ಲ. ಸೀಮೆಎಣ್ಣೆಯಲ್ಲಿ ಉಜ್ಜಿದ್ದಳು, ಉರಿಯಿತು, ಆದರೂ ಹೋಗಲಿಲ್ಲ. ಎರಡು ವರ್ಷ ಬಣ್ಣದ ಅಂಗಡಿಯವನನ್ನು ಹೊಗಳಿದ್ದಾಳೆ, ಎಂಥ ಗಟ್ಟಿ ಬಣ್ಣ ಕೊಟ್ಟಿದ್ದಾನೆ ಎಂದು. ಆ ಕಡೆ ಕುರಿಗಳ ಮೇಲಿನ ಬಣ್ಣ ಮೂರು ಮಳೆಗೆ ಹೋಗುತ್ತಿದೆ, ಇದೊಂದು ಮಾತ್ರ ಹೋಗುತ್ತಿಲ್ಲವಲ್ಲ ಎಂದು ಅನುಮಾನ ಬಂದದ್ದು ಮೊನ್ನೆ ಮೊನ್ನೆ.

ನನಗೆ ನಗು ಬಂತು, ಅದರ ಹಿಂದೆಯೇ ಇನ್ನೊಂದು ಮಚ್ಚೆ ನೆನಪಾಯಿತು. ಹಿಂದೊಮ್ಮೆ ಹಿರಿಯೂರು ಕಡೆಯ ಒಬ್ಬ ರೈತರ ಅಂಗಾಲಿನ ಕರಿ ಮಚ್ಚೆಯನ್ನು ನಾನೇ ಕೊಯ್ದಿದ್ದೆ. ಅದು ಮೆಲನೋಮ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳೇ ಕೆಟ್ಟು ಬರುವ ಕ್ಯಾನ್ಸರ್. ಅವರು ಆಮೇಲೆ ಹೆಚ್ಚು ದಿನ ಇರಲಿಲ್ಲ. ಕಪ್ಪು, ಅಂಕುಡೊಂಕು, ಎರಡು ಮೂರು ಛಾಯೆ: ಆ ಮಚ್ಚೆಯೂ ಹೀಗೆಯೇ ಇತ್ತು.

ಮಾವನಿಗೆ ಹೇಳಿದ್ದೀಯಾ ಎಂದು ಕೇಳಿದೆ. ಇಲ್ಲ, ಹಲ್ಲುನೋವು ಎಂದು ಹೇಳಿ ಬಂದಿದ್ದೇನೆ ಎಂದಳು.

ಅವತ್ತೇ ಅವಳನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಿನಲ್ಲಿ ಸಣ್ಣವರು, ತುಂಬ ಸಂಕೋಚದ ಮನುಷ್ಯ. ನರ್ಸನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ದೀಪವಿದ್ದ ಒಂದು ಸಣ್ಣ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಅವರು ನೋಡುವಷ್ಟು ಹೊತ್ತೂ ಅತ್ತೆ ಗೋಡೆಯ ಕಡೆ ತಿರುಗಿ ಅವರ ಊರು, ಅಪ್ಪ ಅಮ್ಮ, ಮದುವೆಯಾಗಿದೆಯೋ ಇಲ್ಲವೋ ಎಲ್ಲ ವಿಚಾರಿಸಿದಳು. ಅವರು ಬೆವರುತ್ತ ಉತ್ತರ ಕೊಟ್ಟರು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, ಕಣ್ಣಿಗೆ ಮೆಲನೋಮದಂತೆಯೇ ಕಾಣುತ್ತದೆ, ಆದರೆ ಈ ಜಾಗದಲ್ಲಿ ಅದರಂತೆಯೇ ಕಾಣುವ ಬೇರೆಯವೂ ಇವೆ, ಅಪರೂಪ, ಚೂರು ತೆಗೆದು ನೋಡದೆ ನಾನು ಏನನ್ನೂ ಹೇಳುವುದಿಲ್ಲ ಎಂದರು. ಅಲ್ಲಿಯೇ ಜೋಮು ಬರಿಸಿ ಬೇಳೆಕಾಳಿನಷ್ಟು ಚರ್ಮ ತೆಗೆದು ಎರಡು ಹೊಲಿಗೆ ಹಾಕಿದರು.

ಹೊರಗೆ ಬಂದ ಮೇಲೆ ಅತ್ತೆ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಬಾಯಲ್ಲಿ ಹತ್ತಿ ಇಲ್ಲದೆ ಮನೆಗೆ ಹೋದರೆ ಮಾವ ಕೇಳುತ್ತಾನೆ, ಹಲ್ಲಿನ ಡಾಕ್ಟರ ಹತ್ತಿರವೂ ಹೋಗಾಣ ಎಂದಳು. ಸುಮ್ಮನೆ ಹತ್ತಿ ಇಟ್ಟುಕೋ ಎಂದೆ. ಒಪ್ಪಲಿಲ್ಲ. ಹೇಗೂ ಒಂದು ಹಲ್ಲು ವರ್ಷದಿಂದ ಅಲುಗಾಡುತ್ತಿತ್ತಂತೆ. ಎದುರಿನ ರಸ್ತೆಯಲ್ಲೇ ಹಲ್ಲಿನ ಕ್ಲಿನಿಕ್ ಇತ್ತು. ಅರ್ಧ ಗಂಟೆಯಲ್ಲಿ ಆ ಹಲ್ಲೂ ಹೋಯಿತು. ಒಂದೇ ದಿನ ಎರಡು ಕಡೆ ಹತ್ತಿ ಇಟ್ಟುಕೊಂಡು, ಕೀಳಿಸಿಕೊಂಡ ಹಲ್ಲನ್ನು ಸಾಕ್ಷಿಗೆಂದು ಸೆರಗಿಗೆ ಗಂಟು ಹಾಕಿಕೊಂಡು, ಅತ್ತೆ ಹೊಳಲ್ಕೆರೆ ಬಸ್ಸು ಹತ್ತಿದಳು. ಬಾಯಿ ಊದಿದ್ದರಿಂದ ಜೀವಮಾನದಲ್ಲಿ ಮೊದಲ ಸಲ ಅವಳು ಮಾತಿಲ್ಲದೆ ನನಗೆ ಕೈ ಬೀಸಿದ್ದು.

ಚರ್ಮದ ಚೂರು ನನ್ನ ಬ್ಯಾಗಿನಲ್ಲೇ ಲ್ಯಾಬಿಗೆ ಬಂತು. ಮರುದಿನ ಅದನ್ನು ಮೇಣದಲ್ಲಿ ಕೂರಿಸಿ ಕೊಯ್ಯಲು ಕೂತೆ. ಹದಿಮೂರು ವರ್ಷದಲ್ಲಿ ಎಷ್ಟು ಜನರ ಎಷ್ಟು ಚೂರು ಕೊಯ್ದಿದ್ದೇನೋ ಲೆಕ್ಕವಿಲ್ಲ. ಅವತ್ತು ಮೊದಲ ನಾಲ್ಕು ಪದರು ಹರಿದವು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಐದನೆಯದು ನೀರಿನ ಮೇಲೆ ಸುಕ್ಕಿಲ್ಲದೆ ತೇಲಿತು. ಬಣ್ಣ ಹಾಕಿ ಒಣಗಿದ ತಕ್ಷಣ, ಮೇಡಂ ಬರುವ ಮೊದಲೇ, ಕದ್ದು ನೋಡಿದೆ. ಟೆಕ್ನಿಶಿಯನ್ನುಗಳು ನೋಡಬಾರದು ಎಂದೇನಿಲ್ಲ. ನೋಡಿ ತೀರ್ಮಾನಕ್ಕೆ ಬರಬಾರದು, ಅಷ್ಟೇ. ನಾನು ಬಂದೆ. ಚರ್ಮದ ಮೇಲ್ಪದರಿನಲ್ಲಿ ದಪ್ಪ ದಪ್ಪ ಕೋಶಗಳು, ಒಂಟಿಯಾಗಿಯೂ ಗುಂಪಾಗಿಯೂ ಮೇಲಕ್ಕೆ ಹತ್ತುತ್ತಿದ್ದವು. ಅವುಗಳ ಹೊಟ್ಟೆಯಲ್ಲಿ ಕಂದು ಕಂದು ಪುಡಿ. ಮೆಲನೋಮ ಎಂದುಕೊಂಡೆ. ಕುರ್ಚಿಯಲ್ಲಿ ಕೂತು ಅತ್ತೆ ಕೊಟ್ಟ ಮೊಸರಿನ ಡಬ್ಬಿಯನ್ನು ನೋಡುತ್ತಾ ಅತ್ತುಬಿಟ್ಟೆ.

ಮೇಡಂ ಬಂದು ನನ್ನ ಮುಖ ನೋಡಿ, ಯಾರದ್ದು ಎಂದು ಕೇಳಿದರು. ಹೇಳಿದೆ. ಅವರು ಸ್ಲೈಡನ್ನು ಇಟ್ಟು, ಇಬ್ಬರು ಒಟ್ಟಿಗೆ ನೋಡುವ ಮೈಕ್ರೋಸ್ಕೋಪಿನ ಇನ್ನೊಂದು ಕಡೆ ನನ್ನನ್ನು ಕೂರಿಸಿದರು. ಹತ್ತು ನಿಮಿಷ ಅವರ ಬೆರಳು ಸ್ಲೈಡನ್ನು ಆ ಕಡೆ ಈ ಕಡೆ ಸರಿಸುತ್ತಿತ್ತು.

"ನೀನು ಬಣ್ಣ ನೋಡಿ ಅಳ್ತಾ ಇದೀಯ," ಎಂದರು ಕೊನೆಗೆ. "ಈ ಕಪ್ಪು ಇವುಗಳದ್ದೇ ಅಂತ ನಿಂಗೆ ಯಾರು ಹೇಳಿದ್ರು?"

ಆಮೇಲೆ ಬಿಡಿಸಿ ಹೇಳಿದರು. ಮೊಲೆಯ ಒಳಗೆ ಹಾಲಿನ ನಾಳಗಳಿರುತ್ತವೆ. ಅಲ್ಲಿ ಹುಟ್ಟಿದ ಕ್ಯಾನ್ಸರಿನ ಕೋಶಗಳು ಕೆಲವೊಮ್ಮೆ ನಾಳದ ಗುಂಟ ಹೊರಗೆ ಬಂದು ತೊಟ್ಟಿನ ಚರ್ಮದಲ್ಲಿ ಹರಡಿಕೊಳ್ಳುತ್ತವೆ. ಅದಕ್ಕೆ ಪ್ಯಾಜೆಟ್ ಕಾಯಿಲೆ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಕೆಂಪಗೆ, ಇಸುಬಿನ ಹಾಗೆ ಇರುತ್ತದೆ. ಅಪರೂಪಕ್ಕೆ ಎಲ್ಲೋ ಒಬ್ಬರಲ್ಲಿ ಕಪ್ಪಾಗುತ್ತದೆ. ಚರ್ಮದಲ್ಲಿ ಮೊದಲೇ ಇರುವ ಬಣ್ಣದ ಕೋಶಗಳು ಪಕ್ಕಕ್ಕೆ ಬಂದು ಕೂತ ಈ ಹೊಸಬರಿಗೆ ತಮ್ಮ ಬಣ್ಣವನ್ನು ದಾಟಿಸುತ್ತವೆ, ಓಕುಳಿಯ ದಿನ ಪಕ್ಕದವರ ಬಣ್ಣ ನಮ್ಮ ಮೈಗೆ ಮೆತ್ತುವ ಹಾಗೆ. ಆಗ ಅದು ಹೊರಗಿನಿಂದಲೂ ಮೆಲನೋಮದಂತೆ, ಮೈಕ್ರೋಸ್ಕೋಪಿನಲ್ಲೂ ಮೆಲನೋಮದಂತೆ. ಎರಡೂ ಕ್ಯಾನ್ಸರೇ. ಆದರೆ ದಾರಿ ಬೇರೆ, ಆಪರೇಷನ್ ಬೇರೆ, ಔಷಧ ಬೇರೆ. ಮೆಲನೋಮ ಎಂದು ಬರೆದುಬಿಟ್ಟರೆ ಚರ್ಮಕ್ಕೆ ಚಿಕಿತ್ಸೆಯಾಗುತ್ತದೆ, ಒಳಗಿನ ನಾಳದಲ್ಲಿ ಕೂತದ್ದನ್ನು ಯಾರೂ ಹುಡುಕುವುದಿಲ್ಲ.

ಹಾಗಾದರೆ ಇದು ಅದೇನಾ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಮೇಡಂ ಗೊತ್ತಿಲ್ಲ ಎಂದಷ್ಟು ಸಲೀಸಾಗಿ ಬೇರೆ ಯಾವ ಡಾಕ್ಟರೂ ಹೇಳಿದ್ದನ್ನು ನಾನು ಕೇಳಿಲ್ಲ. ಬೆಂಗಳೂರಿನ ದೊಡ್ಡ ಲ್ಯಾಬಿಗೆ ಮೇಣದ ತುಂಡನ್ನು ಕಳಿಸಬೇಕು, ಅಲ್ಲಿ ವಿಶೇಷ ಬಣ್ಣಗಳನ್ನು ಹಾಕುತ್ತಾರೆ. ಬಣ್ಣದ ಕೋಶಗಳ ವಂಶದವು ಯಾವುವು, ನಾಳದ ವಂಶದವು ಯಾವುವು ಎಂದು ಅವು ತೋರಿಸುತ್ತವೆ ಎಂದರು. ಕಳಿಸುವಾಗ ಜೊತೆಗೆ ಒಂದು ಚೀಟಿ ಬರೆದರು: ಆ ಪರೀಕ್ಷೆಯ ಬಣ್ಣ ಸಾಮಾನ್ಯವಾಗಿ ಕಂದು, ಈ ಚರ್ಮದಲ್ಲಿರುವುದೂ ಕಂದು, ಎರಡೂ ಕಲಸಿಹೋಗುತ್ತವೆ, ದಯವಿಟ್ಟು ಕೆಂಪು ಬಣ್ಣದಲ್ಲಿ ಮಾಡಿ. ಅಷ್ಟು ಸಣ್ಣ ವಿಷಯ ನನಗೆ ಹೊಳೆಯುತ್ತಲೇ ಇರಲಿಲ್ಲ.

ನಾಲ್ಕು ದಿನವಾದ ಮೇಲೆ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿ, ಒಂದು ಬಣ್ಣ ಹಿಡಿದಿದೆ, ಮೆಲನೋಮದಲ್ಲಿ ಹಿಡಿಯುವಂಥದ್ದೇ ಎಂದರು. ಫೋನ್ ನನ್ನ ಕೈಯಲ್ಲಿತ್ತು. ಊಟಕ್ಕೆ ಕೂತಿದ್ದ ಮೇಡಂಗೆ ಹೇಳಿದೆ. ಅವರು ಯಾವುದು ಎಂದು ಕೇಳಿ, ಹೆಸರು ಕೇಳಿದ ತಕ್ಷಣ ಚಪಾತಿ ಮುರಿಯುವುದನ್ನು ಮುಂದುವರಿಸಿದರು. ಅದು ಎರಡರಲ್ಲೂ ಹಿಡಿಯುವ ಬಣ್ಣ, ಅದೊಂದನ್ನೇ ನಂಬಿ ಕೂತವರು ದಾರಿ ತಪ್ಪಿದ್ದಾರೆ, ಉಳಿದವು ಬರಲಿ ಎಂದರು. ನನಗೆ ಊಟ ಸೇರಲಿಲ್ಲ. ಏನೇ ಆಗಲಿ, ಒಳಗಿನದೂ ಗೊತ್ತಾಗಬೇಕು, ದಾವಣಗೆರೆಗೆ ಹೋಗಿ ಎದೆಯ ಎಕ್ಸ್‌ರೇ, ಅಂದರೆ ಮ್ಯಾಮೊಗ್ರಾಂ, ಮಾಡಿಸಿಕೊಂಡು ಬಾ ಎಂದು ಅವರೇ ಚೀಟಿ ಕೊಟ್ಟರು.

ಗುರುವಾರ ಅತ್ತೆಯನ್ನು ಕರೆದುಕೊಂಡು ದಾವಣಗೆರೆ ಬಸ್ಸು ಹತ್ತಿದೆ. ಈ ಸಲ ಮಾವನಿಗೆ ಹೇಳಿದ್ದು, ಚಿತ್ರದುರ್ಗದಲ್ಲಿ ಹಲ್ಲಿನ ಬೇರು ಉಳಿದುಹೋಗಿದೆ, ಅದನ್ನು ಕೀಳುವವರು ದಾವಣಗೆರೆಯಲ್ಲಿ ಮಾತ್ರ ಇದ್ದಾರೆ ಎಂದು. ಕಿಟಕಿ ಪಕ್ಕ ಕೂತ ಅತ್ತೆಗೆ ನಾನು ಮೊದಲ ಬಾರಿ ಎಲ್ಲವನ್ನೂ ಹೇಳಿದೆ. ಕ್ಯಾನ್ಸರ್ ಎನ್ನುವುದಂತೂ ನಿಜ, ಎರಡರಲ್ಲಿ ಯಾವುದು ಎಂದು ನೋಡುತ್ತಿದ್ದಾರೆ, ಒಂದು ಬಹಳ ಕೆಟ್ಟದ್ದು, ಇನ್ನೊಂದು ಬೇಗ ಸಿಕ್ಕರೆ ವಾಸಿಯಾಗುವಂಥದ್ದು ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಅಳುತ್ತಾಳೆ ಎಂದುಕೊಂಡೆ.

"ಎರಡೂ ಕರೀಗಿದ್ರೆ ನಿಮ್ಮ ಮೇಡಮ್ಮು ಹೆಂಗೆ ಗುರುತು ಹಿಡೀತಾಳೆ?" ಎಂದು ಕೇಳಿದಳು.

ಬಣ್ಣ ಬಿಟ್ಟು ಬೇರೆ ಗುರುತು ನೋಡುತ್ತಾರೆ ಎಂದೆ. ಅತ್ತೆ ತಲೆಯಾಡಿಸಿದಳು. ತನ್ನ ಮಂದೆಯಲ್ಲೂ ಮೂವತ್ತು ಕರಿ ಕುರಿ ಇವೆ, ತಾನೂ ಬಣ್ಣ ನೋಡುವುದಿಲ್ಲ, ಮುಖ ನೋಡುತ್ತೇನೆ, ನಿಮ್ಮ ಮೇಡಂ ಸರಿಯಾಗಿಯೇ ಮಾಡುತ್ತಿದ್ದಾರೆ ಎಂದು ಒಪ್ಪಿಗೆ ಕೊಟ್ಟಳು.

ಬಸ್ಸು ಭರಮಸಾಗರದಲ್ಲಿ ನಿಂತಿತ್ತು. ಆಗಲೇ ಮೇಡಂ ಫೋನ್ ಬಂತು. ಅವರು ಯಾವಾಗಲೂ ನಿಧಾನವಾಗಿ ಮಾತಾಡುವವರು, ಅವತ್ತು ಒಂದೇ ಉಸಿರಿಗೆ ಮಾತಾಡಿದರು. ಎಲ್ಲ ಸ್ಲೈಡಿನ ಚಿತ್ರಗಳು ಬಂದಿವೆ. ಮೆಲನೋಮದ ನಿಜವಾದ ಎರಡು ಗುರುತಿನಲ್ಲೂ ದೊಡ್ಡ ಕೋಶಗಳು ಖಾಲಿ, ಒಂದೂ ಕೆಂಪಾಗಿಲ್ಲ. ಅವುಗಳ ಸಂದಿಯಲ್ಲಿ ಕೂತ ಸಣ್ಣ ಸಣ್ಣ ಕೋಶಗಳು ಮಾತ್ರ ಕೆಂಪು, ಅವು ಚರ್ಮದ ಮಾಮೂಲಿ ಬಣ್ಣದ ಕೋಶಗಳು, ಪಾಪದವು. ನಾಳದ ಗುರುತು ಹಾಕಿದರೆ ದೊಡ್ಡವು ಒಂದೂ ಬಿಡದೆ ಕೆಂಪು. "ಪ್ಯಾಜೆಟ್ಟೇ ಕಣಮ್ಮ, ಮೆಲನೋಮ ಅಲ್ಲ," ಎಂದರು. ನನಗೆ ಕೇಳಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದರು.

ನನಗೆ ನಗು ಶುರುವಾಯಿತು. ಅದು ಎಲ್ಲಿಂದ ಬಂತೋ, ನಿಲ್ಲಿಸಲು ಆಗಲಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿದು ನಗುತ್ತಿದ್ದೆ, ಕಣ್ಣಿಂದ ನೀರು ಹರಿಯುತ್ತಿತ್ತು. ಅತ್ತೆಗೆ ಏನೆಂದು ಹೇಳಲೂ ಬಾಯಿ ಬರುತ್ತಿಲ್ಲ. ಅದಲ್ಲ, ಇದು, ಅದಲ್ಲ, ಇದು ಎಂದಷ್ಟೇ ಹೇಳುತ್ತಿದ್ದೆ. ಅತ್ತೆಗೆ ಅಷ್ಟೇ ಸಾಕಾಯಿತು. ಅವಳೂ ನಗತೊಡಗಿದಳು. ಬಸ್ಸು ಹೊರಡಲು ಬೆಲ್ ಆದಾಗ ಅವಳು ಎದ್ದು ನಿಂತು, ಇಳೀತೀವಿ ಇಳೀತೀವಿ ಎನ್ನುತ್ತಾ ನನ್ನನ್ನೂ ಎಳೆದುಕೊಂಡು ಇಳಿದೇಬಿಟ್ಟಳು. ದಾವಣಗೆರೆ ಇನ್ನೂ ಮುಂದಿದೆ ಎಂದು ಕಂಡಕ್ಟರ್ ಹೇಳುತ್ತಿದ್ದರು. ಬೇರೆ ಬಸ್ಸಿಗೆ ಬರುತ್ತೇವೆ, ನೀವು ಹೋಗ್ರಿ ಎಂದು ಅತ್ತೆ ಅವರಿಗೆ ಕೈ ಮುಗಿದಳು.

ಬಸ್ ನಿಲ್ದಾಣದ ಹತ್ತಿರ ಒಂದು ಗಾಡಿಯಲ್ಲಿ ಆಗತಾನೆ ಮೆಣಸಿನಕಾಯಿ ಬಜ್ಜಿ ಎಣ್ಣೆಯಿಂದ ಎದ್ದಿದ್ದವು. ಮಂಡಕ್ಕಿಗೆ ಈರುಳ್ಳಿ, ಖಾರ, ನಿಂಬೆಹುಳಿ ಕಲಸಿ ಕೊಟ್ಟರು. ಪೊಟ್ಟಣ ಹಿಡಿದು ಕೆರೆ ಏರಿಯ ಕಡೆ ನಡೆದೆವು. ನೀರು ತುಂಬಿತ್ತು, ಗಾಳಿಗೆ ಮಂಡಕ್ಕಿ ಹಾರಿ ಹಾರಿ ಹೋಗುತ್ತಿತ್ತು, ಅತ್ತೆ ಬಜ್ಜಿಯನ್ನು ಹಲ್ಲು ಕಿತ್ತ ಕಡೆ ಬಿಟ್ಟು ಇನ್ನೊಂದು ದವಡೆಯಲ್ಲಿ ಜಗಿಯುತ್ತಾ, ಖಾರಕ್ಕೆ ಹಾ ಹಾ ಎನ್ನುತ್ತಾ, ನಡುನಡುವೆ ಸುಮ್ಮಸುಮ್ಮನೆ ನಗುತ್ತಿದ್ದಳು. ಏರಿಯ ಮೇಲೆ ಹುಲ್ಲಿನ ಹೊರೆ ಇಳಿಸಿ ಕೂತಿದ್ದ ಒಬ್ಬ ಹೆಂಗಸು ನಮ್ಮನ್ನೇ ನೋಡುತ್ತಿದ್ದಳು. ತಡೆಯಲಾರದೆ, ಏನು ಖುಷಿ, ಮೊಮ್ಮಗು ಹುಟ್ಟಿತಾ ಎಂದು ಕೇಳಿದಳು.

"ಇಲ್ಲ ಕಣಮ್ಮ, ನಂಗೆ ಕ್ಯಾನ್ಸರ್ ಐತಂತೆ," ಎಂದಳು ಅತ್ತೆ, ಮುಖ ತುಂಬ ನಗುತ್ತಾ. "ಆದ್ರೆ ಕೆಟ್ಟದ್ದಲ್ಲಂತೆ, ಪ್ಯಾಕೆಟ್ ಕಾಯ್ಲೆ ಅಂತೆ. ತಗೋ, ನೀನೂ ಒಂದು ಬಜ್ಜಿ ತಿನ್ನು."

ಆ ಹೆಂಗಸು ಬಜ್ಜಿ ತೆಗೆದುಕೊಂಡಳು. ನಗಬೇಕೋ ಅಳಬೇಕೋ ತಿಳಿಯದೆ, ಬಜ್ಜಿ ಹಿಡಿದ ಕೈಯಲ್ಲೇ ಅತ್ತೆಯ ಮೊಣಕೈ ಮುಟ್ಟಿದಳು. ಒಳ್ಳೇದಾಗಲಿ ಎಂದಳು. ಆಮೇಲೆ ಅವಳೂ ನಕ್ಕಳು. ಆ ದಿನದಿಂದ ಇವತ್ತಿನವರೆಗೂ ನಮ್ಮ ಕುಟುಂಬದಲ್ಲಿ ಆ ಕಾಯಿಲೆಯ ಹೆಸರು ಪ್ಯಾಕೆಟ್. ಲ್ಯಾಬಿನಲ್ಲೂ ಒಂದೆರಡು ಸಲ ನನ್ನ ಬಾಯಿಗೆ ಹಾಗೆಯೇ ಬಂದು ಮೇಡಂ ಕಣ್ಣು ದೊಡ್ಡದು ಮಾಡಿದ್ದಾರೆ.

ಮ್ಯಾಮೊಗ್ರಾಂ ಮಧ್ಯಾಹ್ನದ ಮೇಲೆ ಆಯಿತು. ಮೊಲೆಯನ್ನು ಎರಡು ಹಲಗೆಗಳ ನಡುವೆ ಒತ್ತಿ ಚಿತ್ರ ತೆಗೆಯುತ್ತಾರೆ. ರೊಟ್ಟಿ ತಟ್ಟಿದರು ಎಂದು ಅತ್ತೆ ಹೊರಗೆ ಬಂದು ವರದಿ ಒಪ್ಪಿಸಿದಳು. ತೊಟ್ಟಿನ ಹಿಂದೆ ಒಂದು ಕಡೆ, ಅದರಿಂದ ದೂರ ಇನ್ನೊಂದು ಕಡೆ, ರವೆ ಚೆಲ್ಲಿದಂತೆ ಸುಣ್ಣದ ಚುಕ್ಕಿಗಳು ಕಂಡಿದ್ದವು, ನಾಳದೊಳಗೆ ಕ್ಯಾನ್ಸರ್ ಕೂತಿರಬಹುದು ಎನ್ನುವ ಗುರುತು. ಗಂಟು ಏನೂ ಇರಲಿಲ್ಲ. ಆಪರೇಷನ್ ಮಾಡುವ ಡಾಕ್ಟರು ಚಿತ್ರವನ್ನು ದೀಪಕ್ಕೆ ಹಿಡಿದು, ಎರಡು ಕಡೆ ಇರುವುದರಿಂದ ಸ್ವಲ್ಪ ಭಾಗ ಮಾತ್ರ ತೆಗೆಯುವುದು ಕಷ್ಟ, ಪೂರ್ತಿ ಮೊಲೆ ತೆಗೆಯುವುದೇ ಒಳ್ಳೆಯದು, ಕಂಕುಳಿನ ಒಂದೆರಡು ಗ್ರಂಥಿಯನ್ನೂ ತೆಗೆದು ನೋಡುತ್ತೇವೆ ಎಂದರು. ಯೋಚಿಸಿ ಬನ್ನಿ ಎಂದರು.

ಅಲ್ಲಿಂದ ವಾಪಸು ಬರುವಾಗ ಅತ್ತೆ ನಗಲಿಲ್ಲ. ಪೂರ್ತಿಯೇ ತೆಗೆಯಬೇಕಾ ಎಂದು ಎರಡು ಸಲ ಕೇಳಿದಳು. ಹೌದು ಎಂದೆ. ನಿಮ್ಮ ಮಾವನಿಗೆ ಏನೆಂದು ಹೇಳಲಿ, ಇದಕ್ಕೆ ಯಾವ ಹಲ್ಲನ್ನು ಕಿತ್ತು ತೋರಿಸಲಿ ಎಂದಳು.

ಅವಳನ್ನು ಬಿಡಲು ನಾನೂ ಹಟ್ಟಿಗೆ ಹೋದೆ. ಮಾವ ಅಂಗಳದಲ್ಲಿ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ನಾನು ನೀರು ಕುಡಿದು, ಹಲ್ಲಿನ ವಿಷಯದಿಂದ ಶುರುಮಾಡಿದೆ. ಮಾವ ಸೊಪ್ಪು ಕಟ್ಟಿ ಮುಗಿಸುವವರೆಗೂ ಕೇಳಿಸಿಕೊಂಡರು.

"ಹಲ್ಲಿನ ಮಾತು ಬಿಡವ್ವ," ಎಂದರು. "ಎರಡು ವರ್ಷದಿಂದ ಸೀಮೆಎಣ್ಣೆ ವಾಸನೆ ಬತ್ತೈತೆ. ನಂಗೆ ಗೊತ್ತಾಗಲ್ವೇನು. ಅವಳೇ ಹೇಳ್ಲಿ ಅಂತ ಕಾಯ್ತಿದ್ದೆ. ಈಗ ಡಾಕ್ಟ್ರು ಏನಂದ್ರು, ಅದು ಹೇಳು."

ಅತ್ತೆ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋಗಿಬಿಟ್ಟಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳು ಮಾವನನ್ನು ಬೈಯುವುದು ಕೇಳಿಸಿತು: ಗೊತ್ತಿದ್ದೂ ಒಂದು ಹಲ್ಲು ಹೋಗಲು ಬಿಟ್ಟನಲ್ಲ, ಎಂಥ ಮನುಷ್ಯ ಎಂದು. ಮಾವ ನನ್ನ ಕಡೆ ನೋಡಿ ಮೀಸೆಯೊಳಗೇ ನಕ್ಕರು. ಆಮೇಲೆ ಎದ್ದು ಒಳಗೆ ಹೋದರು. ಬೈಗುಳ ನಿಂತಿತು. ನಾನು ಅಂಗಳದಲ್ಲೇ ಕೂತು, ಒಂದು ಮರಿ ನನ್ನ ದುಪಟ್ಟಾದ ತುದಿಯನ್ನು ತಿನ್ನುತ್ತಿದ್ದರೂ ಬಿಡಿಸಿಕೊಳ್ಳದೆ ಇದ್ದೆ.

ಆಪರೇಷನ್ನಿಗೆ ಮಾವನೂ ಬಂದರು. ಕುರಿಗಳನ್ನು ಪಕ್ಕದ ಹಟ್ಟಿಯವರಿಗೆ ಒಪ್ಪಿಸಿ ಮೂರು ದಿನ ಬಿಟ್ಟಿದ್ದದ್ದು ಅವರ ಬದುಕಿನಲ್ಲಿ ಅದೇ ಮೊದಲು. ಆಸ್ಪತ್ರೆಯ ಕಾರಿಡಾರಿನಲ್ಲಿ ಕಂಬಳಿ ಹೊದ್ದು ನೆಟ್ಟಗೆ ಕೂತೇ ಇದ್ದರು. ಒಮ್ಮೆ ಮಾತ್ರ ನನ್ನನ್ನು, ಅವಳಿಗೆ ಮಾತು ಬರುತ್ತದೆ ತಾನೇ ಎಂದು ಕೇಳಿದರು. ಎದೆಯ ಆಪರೇಷನ್ನಿಗೆ ಮಾತಿಗೇನೂ ಆಗುವುದಿಲ್ಲ ಎಂದೆ. ಅವರಿಗೆ ಸಮಾಧಾನವಾಯಿತು. ಅತ್ತೆಗೆ ಎಚ್ಚರವಾದ ಮೇಲೆ ಅವಳು ಮೊದಲು ಮಾಡಿದ್ದು, ಮಾವ ಊಟ ಮಾಡಿಲ್ಲವೆಂದು ನನ್ನನ್ನು ಬೈದದ್ದು. ಮಾವ ಬಹಳ ಸಂತೋಷದಿಂದ ಕೇಳಿಸಿಕೊಂಡರು.

ಹತ್ತು ದಿನಕ್ಕೆ ವರದಿ ಬಂತು. ಕ್ಯಾನ್ಸರ್ ಹಾಲಿನ ನಾಳಗಳ ಒಳಗೇ ಇತ್ತು, ಗೋಡೆ ದಾಟಿ ಹೊರಗೆ ಎಲ್ಲೂ ಹೋಗಿರಲಿಲ್ಲ. ಕಂಕುಳಿನ ಗ್ರಂಥಿಗಳು ಸ್ವಚ್ಛ. ಕೀಮೋ ಬೇಡ, ರೇಡಿಯೇಷನ್ನಿನ ಕರೆಂಟೂ ಬೇಡ, ಆಗಾಗ ಬಂದು ತೋರಿಸಿಕೊಂಡು ಹೋದರೆ ಸಾಕು ಎಂದರು. ಮೇಡಂ ಆ ವರದಿಯನ್ನು ಎರಡು ಸಲ ಓದಿ, ನನ್ನ ಬೆನ್ನ ಮೇಲೆ ಒಂದು ಗುದ್ದು ಗುದ್ದಿ, ಚಹಾ ತರಿಸಿದರು. ಅವರು ನನ್ನನ್ನು ಮುಟ್ಟಿದ್ದು ಹದಿಮೂರು ವರ್ಷದಲ್ಲಿ ಅದೊಂದೇ ಸಲ, ಅದೂ ಗುದ್ದು.

ಗಾಯ ಮಾಗಿದ ಮೇಲೆ ಅತ್ತೆ ಒಂದು ಹೊಸ ಕೆಲಸ ಹಿಡಿದಳು. ಆಸ್ಪತ್ರೆಯವರು ರವಿಕೆಯೊಳಗೆ ಇಟ್ಟುಕೊಳ್ಳಲು ಮೆತ್ತೆ ಸಿಗುತ್ತದೆ ಎಂದಿದ್ದರು. ಮನೆಯಲ್ಲಿ ಎಂಬತ್ತು ಕುರಿ ಇಟ್ಟುಕೊಂಡು ಮೆತ್ತೆಯನ್ನು ಅಂಗಡಿಯಿಂದ ತರುವುದೇ ಎಂದು ಉಣ್ಣೆಯನ್ನು ತೊಳೆದು, ಹಿಂಜಿ, ಹಳೆ ಸೀರೆಯ ಮೆತ್ತನೆಯ ಬಟ್ಟೆಯಲ್ಲಿ ತಾನೇ ಹೊಲಿದಳು. ಮೊದಲನೆಯದು ಕಚಗುಳಿಯಾಗುತ್ತದೆ ಎಂದು ನಾಯಿಗೆ ದಿಂಬಾಯಿತು. ಎರಡನೆಯದು ವಿಪರೀತ ದೊಡ್ಡದಾಯಿತು; ಅದನ್ನು ಇಟ್ಟುಕೊಂಡು ಅತ್ತೆ ಹೊಳಲ್ಕೆರೆಯಲ್ಲಿ ಒಂದು ಮದುವೆಗೆ ಹೋಗಿ ಬಂದಳು. ಒಂದು ಕಡೆ ಹದಿನೆಂಟರ ಪ್ರಾಯ, ಒಂದು ಕಡೆ ಅರವತ್ತು ಎಂದು ಅವಳೇ ಹೇಳಿಕೊಂಡು ನಕ್ಕಿದ್ದಳಂತೆ. ಮೂರನೆಯದು ಸರಿಹೋಯಿತು. ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿದ್ದವರಿಗೆ ಕಳಿಸಲೆಂದು ಇನ್ನೆರಡು ಹೊಲಿದು ನನ್ನ ಕೈಗೆ ಕೊಟ್ಟಳು.

ಕಳೆದ ತಿಂಗಳು ತಪಾಸಣೆ ಮುಗಿಸಿಕೊಂಡು ಅತ್ತೆ ಲ್ಯಾಬಿಗೆ ಬಂದಳು. ಮೇಡಂ ಲ್ಯಾಬಿನಲ್ಲೇ ಇದ್ದರು. ಬರ್ರಿ, ಕುಂತ್ಕಳ್ರಿ ಎಂದು ತಮ್ಮ ಪಕ್ಕವೇ ಕುರ್ಚಿ ಹಾಕಿಸಿದರು. ಬೇರೆ ಡಾಕ್ಟರುಗಳಿಗೆ ಪಾಠ ಹೇಳುವಾಗ ನಿಮ್ಮ ಸ್ಲೈಡು ತೋರಿಸಬಹುದೇ, ಹೆಸರು ಹಾಕುವುದಿಲ್ಲ ಎಂದು ಅನುಮತಿ ಕೇಳಿದರು. ಅತ್ತೆ ಬಹಳ ಗಂಭೀರವಾಗಿ ಯೋಚಿಸಿ, ಮೊದಲು ತನಗೆ ತೋರಿಸಬೇಕು, ಆಮೇಲೆ ಬೇರೆಯವರಿಗೆ ಎಂದಳು.

ನಾನು ಪೆಟ್ಟಿಗೆಯಿಂದ ಸ್ಲೈಡು ತೆಗೆದು ಇಟ್ಟೆ. ಅತ್ತೆ ಬಗ್ಗಿ ಕಣ್ಣಿಟ್ಟಳು. ಕಾಣುತ್ತಾ ಎಂದು ಕೇಳಿದೆ. ಕಾಣುತ್ತದೆ, ಕಪ್ಪಗೆ ಉದ್ದ ಉದ್ದ ಕಡ್ಡಿಗಳು ಅಲ್ಲಾಡುತ್ತಿವೆ, ಇನ್ನೂ ಜೀವ ಇದೆಯಾ ಎಂದು ಗಾಬರಿಯಿಂದ ತಲೆ ಎತ್ತಿದಳು. ಮೇಡಂ ಜೋರಾಗಿ ನಕ್ಕರು. ಮೊದಲ ಸಲ ನೋಡುವವರಿಗೆಲ್ಲ ಹಾಗೆಯೇ, ಕಾಣುವುದು ತಮ್ಮದೇ ಕಣ್ಣಿನ ರೆಪ್ಪೆಗೂದಲು. ಸ್ವಲ್ಪ ಹಿಂದೆ ಸರಿದು ನೋಡಿ ಎಂದು ಅವರೇ ಅವಳ ಗಲ್ಲ ಹಿಡಿದು ಸರಿಮಾಡಿದರು.

ಈ ಸಲ ಅತ್ತೆಗೆ ಕಂಡಿತು. ಗುಲಾಬಿ, ನೇರಳೆ, ನಡುವೆ ಸಣ್ಣ ಕಂದು ಪುಡಿ, ಎಲ್ಲವನ್ನೂ ಮೇಡಂ ಸರಿಸಿ ಸರಿಸಿ ತೋರಿಸಿದರು. ಅವಳು ಕಣ್ಣು ತೆಗೆಯದೆಯೇ ಮಾತಾಡಿದಳು.

"ಚೆನ್ನಾಗೈತೆ ಕಣವ್ವ. ಸೀರೆ ಅಂಚು ಇದ್ದಂಗೈತೆ. ಬೇರೆಯವ್ರದ್ದೂ ಒಂದು ಹಾಕು, ನೋಡಾಣ."

ಬೇರೆಯವರದನ್ನು ತೋರಿಸುವಂತಿಲ್ಲ ಎಂದು ಮೇಡಂ ಹೇಳಿದರು. ಹಾಗಾದರೆ ಇದನ್ನೇ ಇನ್ನೊಂದು ಸಲ ನೋಡುತ್ತೇನೆ ಎಂದು ಅತ್ತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಹೊಳಲ್ಕೆರೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಎರಡು ಸಲ ಕರೆದೆ, ಅವಳು ಏಳಲಿಲ್ಲ. ಮುಂದಿನ ಬಸ್ಸಿಗೆ ಹೋದರಾಯಿತು ಎಂದು ಮೇಡಂ ಮೂವರಿಗೂ ಚಹಾ ಹೇಳಿದರು.